ಚೈನ್‌ಸಾ ಸೈಲೆನ್ಸರ್‌ಗೆ ಇನ್ನೊಂದು ತೂತು: ನನ್ನ ಅನುಭವ

ನನ್ನ ಚೈನ್‌ಸಾ ಸಣ್ಣ ಕೊಂಬೆಗಳನ್ನು ಸಲೀಸಾಗಿ ಕೊಯ್ಯುತ್ತಿತ್ತು. ದಪ್ಪ ದಿಮ್ಮಿಗೆ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಪೂರ್ತಿ ಇಳಿಸಿದರೆ ಮಾತ್ರ ಏದುಸಿರು ಬಿಡುತ್ತಿತ್ತು. ಚೈನ್ ಹರಿತವಾಗಿತ್ತು, ಏರ್ ಫಿಲ್ಟರ್‌ನಲ್ಲಿ ಧೂಳಿರಲಿಲ್ಲ. ಸರಿ, ಹೊಗೆ ಹೋಗುವ ದಾರಿಯಲ್ಲೇ ತೊಂದರೆ ಇರಬಹುದು ಅಂತ ಸೈಲೆನ್ಸರ್ ಬಿಚ್ಚಿದೆ.

ಬಿಚ್ಚಿದವರು ಮೊದಲು ನೋಡಬೇಕಾದ್ದು ಕಿಡಿ ತಡೆಯುವ ಜಾಲರಿ. ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಜೊತೆ ಆಯಿಲ್ ಕೂಡ ಸುಡುತ್ತದಲ್ವಾ, ಆ ಮಸಿ ಇಲ್ಲೇ ಬಂದು ಕೂರುತ್ತದೆ. ಎಷ್ಟೋ ಮಿಷನ್‌ಗಳಿಗೆ ಈ ಜಾಲರಿಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಸಾಕು, ಹೋದ ಶಕ್ತಿ ವಾಪಸ್ ಬರುತ್ತದೆ. ನನ್ನದರಲ್ಲಿ ಜಾಲರಿ ಚೊಕ್ಕಟವಾಗಿತ್ತು. ಸಿಲಿಂಡರಿನಿಂದ ಹೊಗೆ ಬರುವ ಬಾಯಿಗೂ ಸೈಲೆನ್ಸರಿನಿಂದ ಅದು ಹೊರಗೆ ಹೋಗುವ ತೂತಿಗೂ ಅಳತೆಯಲ್ಲಿ ತಾಳಮೇಳವೇ ಇರಲಿಲ್ಲ. ಕಂಪನಿಯವರು ಸದ್ದು ಮತ್ತು ಹೊಗೆಯ ನಿಯಮಗಳಿಗೆ ತಕ್ಕಂತೆ ಹೊರತೂತನ್ನು ಚಿಕ್ಕದು ಮಾಡಿರುತ್ತಾರೆ, ಅದು ತಪ್ಪೇನಲ್ಲ. ತೂತು ದೊಡ್ಡದು ಮಾಡಿದರೆ ವಾರಂಟಿ ಹೋಗುತ್ತದೆ, ಕೆಲವು ಕಡೆ ಕಾನೂನೂ ಒಪ್ಪುವುದಿಲ್ಲ. ಒಳಗೆ ಹೊಗೆಯ ವಿಷ ಕಮ್ಮಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಇದ್ದಿದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ.

ಲೆಕ್ಕ ಸುಲಭ. ಸಿಲಿಂಡರಿನ ಬಾಯಿ ಸುಮಾರು 300 ಚದರ ಮಿ.ಮೀ. ಇತ್ತು. ಸೈಲೆನ್ಸರಿನ ತೂತು 12 ಮಿ.ಮೀ. ವ್ಯಾಸ, ಅಂದರೆ ಬರೀ 113 ಚದರ ಮಿ.ಮೀ. ಹೊರದಾರಿ ಒಟ್ಟು ಒಳಬಾಯಿಯ 70ರಿಂದ 80 ಪರ್ಸೆಂಟ್ ಇದ್ದರೆ ಸಾಕು ಅನ್ನುವುದು ಈ ಕೆಲಸ ಮಾಡುವವರ ರೂಢಿಯ ಲೆಕ್ಕ. ಅಷ್ಟೇ ಅಳತೆಯ ಇನ್ನೊಂದು ತೂತು ಹಾಕಿದರೆ 226 ಆಗುತ್ತದೆ, 75 ಪರ್ಸೆಂಟ್. ಅದಕ್ಕಿಂತ ಜಾಸ್ತಿ ಕೊರೆದರೆ ಸಿಗುವುದು ಸುಮ್ನೆ ಗದ್ದಲ.

ತೂತು ಎಲ್ಲಿ ಹಾಕಬೇಕು ಅನ್ನುವುದಕ್ಕೆ ಸ್ವಲ್ಪ ತಲೆ ಓಡಿಸಬೇಕು. ಬಿಸಿ ಹೊಗೆ ಪ್ಲಾಸ್ಟಿಕ್ ಕವರಿಗೂ ತಗಲಬಾರದು, ಕೈಗೂ ತಗಲಬಾರದು. ನಾನು ಮುಂಭಾಗದಲ್ಲಿ, ಹಳೆಯ ತೂತಿನ ಪಕ್ಕದಲ್ಲೇ ಕೊರೆದೆ. ಸೈಲೆನ್ಸರನ್ನು ಮಿಷನ್‌ನಿಂದ ಪೂರ್ತಿ ಹೊರಗೆ ತೆಗೆದೇ ಡ್ರಿಲ್ ಹಿಡಿಯಬೇಕು. ಆಮೇಲೆ ಅಂಚನ್ನು ಅರದಲ್ಲಿ ಉಜ್ಜಿ, ತಲೆಕೆಳಗು ಮಾಡಿ ಕುಟ್ಟಿ, ಗಾಳಿ ಹೊಡೆದೆ. ಲೋಹದ ಒಂದು ಚೂರು ಒಳಗೆ ಉಳಿದು ಸಿಲಿಂಡರಿಗೆ ಹೋದರೂ ಪಿಸ್ಟನ್ ಗೀರಿಹೋಗುತ್ತದೆ. ಹೊಸ ತೂತಿಗೂ ಜಾಲರಿ ಕೂರಿಸಿದೆ. ಒಣ ತರಗೆಲೆ ಮೇಲೆ ಒಂದು ಕಿಡಿ ಬಿದ್ದರೆ ಏನಾಗುತ್ತದೆ ಅಂತ ಮರ ಕೊಯ್ಯುವವರಿಗೆ ಹೇಳಬೇಕಾ?

ಇಷ್ಟು ಹೊತ್ತಿನದು ಚಿಕ್ಕ ಕೆಲಸ. ಅಸಲಿ ಕೆಲಸ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನದ್ದು. ಹೊಗೆ ಸರಾಗವಾಗಿ ಹೋದರೆ ಎಂಜಿನ್ ಗಾಳಿಯನ್ನೂ ಜಾಸ್ತಿ ಎಳೆಯುತ್ತದೆ. ಹಳೆಯ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿಯಾಗುತ್ತದೆ. ಪೆಟ್ರೋಲ್ ಕಮ್ಮಿಯಾದರೆ ಅದರ ಜೊತೆ ಬರುವ ಆಯಿಲೂ ಕಮ್ಮಿ, ಬಿಸಿ ಮಾತ್ರ ಜಾಸ್ತಿ. ಮೋಸ ಏನೆಂದರೆ, ಆಗ ಮಿಷನ್ ತುಂಬ ಚುರುಕಾಗಿ ಕಿರುಚುತ್ತದೆ. ಕೇಳುವವರಿಗೆ ಖುಷಿ. ಕೊನೆಗೆ ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ಅದಕ್ಕೇ ಸ್ಟಾರ್ಟ್ ಮಾಡುವ ಮೊದಲೇ ಕಾರ್ಬೊರೇಟರಿನ ಎಚ್ ಸ್ಕ್ರೂವನ್ನು (ಹೆಚ್ಚು ವೇಗದಲ್ಲಿ ಪೆಟ್ರೋಲ್ ಎಷ್ಟು ಬರಬೇಕು ಅಂತ ಹೊಂದಿಸುವುದು) ಕಾಲು ಸುತ್ತು ಎಡಕ್ಕೆ ತಿರುಗಿಸಿದೆ. ಎಡಕ್ಕೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಮಿಷನ್ ಚೆನ್ನಾಗಿ ಬಿಸಿಯಾದ ಮೇಲೆ, ಮರಕ್ಕೆ ತಾಗಿಸದೆ, ಸ್ವಲ್ಪ ಹೊತ್ತು ಮಾತ್ರ ಪೂರ್ತಿ ಥ್ರಾಟಲ್ ಕೊಟ್ಟು ಕೇಳಿದೆ. ಸದ್ದು ನುಣುಪಾದ ಕಿರುಚಾಟ ಆಗಿರಬಾರದು, ಸ್ವಲ್ಪ ಒಡೆದ, ಗುರ್‌ಗುರ್ ಅನ್ನುವ ದನಿ ಇರಬೇಕು. ಅದೇ ಮಿಷನ್ ಮರಕ್ಕೆ ಕಚ್ಚಿದ ತಕ್ಷಣ ಆ ಗುರ್‌ಗುರ್ ಮಾಯವಾಗಿ ದನಿ ಸಾಫಾಗಬೇಕು. ದಿಮ್ಮಿಯೊಳಗೂ ಆ ಒಡೆದ ದನಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚಾಗಿದೆ ಅಂತ ಅರ್ಥ. ಆಗ ಸ್ಕ್ರೂ ಚೂರೇ ಚೂರು ಬಲಕ್ಕೆ. ಕಿವಿಯನ್ನು ಮಾತ್ರ ನಂಬಿ ಕೂರಬೇಡಿ, ಎಂಜಿನ್ ವೇಗ ಅಳೆಯುವ ಟ್ಯಾಕೋಮೀಟರ್ ಇಡಿ. ಕೈಪಿಡಿಯಲ್ಲಿ ಬರೆದ ಗರಿಷ್ಠ ಆರ್‌ಪಿಎಂ ದಾಟಿಸಬೇಡಿ. ಕೆಲವು ಮಿಷನ್‌ಗಳ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡುವ ಭಾಗ) ತಾನೇ ವೇಗಕ್ಕೆ ಮಿತಿ ಹಾಕುತ್ತದೆ, ಆ ಒಡೆದ ಸದ್ದೂ ಹೀಗೇ ಕೇಳಿ ದಾರಿ ತಪ್ಪಿಸುತ್ತದೆ. ಕಂಪ್ಯೂಟರೇ ಮಿಶ್ರಣ ನೋಡಿಕೊಳ್ಳುವ ಹೊಸ ಮಾದರಿಗಳಲ್ಲಿ ಈ ಸ್ಕ್ರೂಗಳೇ ಇರುವುದಿಲ್ಲ, ಅವರಿಗೆ ಈ ತಾಪತ್ರಯವಿಲ್ಲ.

ಬಳಿಕ ಕಮ್ಮಿ ವೇಗದ ಪೆಟ್ರೋಲ್ ಹೊಂದಿಸುವ ಎಲ್ ಸ್ಕ್ರೂ, ಥ್ರಾಟಲ್ ಬಿಟ್ಟಾಗಿನ ವೇಗ ಹೊಂದಿಸುವ ಐಡಲ್ ಸ್ಕ್ರೂ ಸರಿಮಾಡಿದೆ. ಐಡಲ್‌ನಲ್ಲಿ ಚೈನ್ ತಿರುಗಲೇಬಾರದು.

ಈಗ ದಪ್ಪ ದಿಮ್ಮಿಯಲ್ಲಿ ಸ್ವಲ್ಪ ಒತ್ತಿದರೂ ಎಂಜಿನ್ ಕುಸಿಯುವುದಿಲ್ಲ, ಕುಸಿದರೂ ಬೇಗ ಎದ್ದೇಳುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸದ್ದೂ ಹೆಚ್ಚಾಗಿದೆ. ಕಿವಿಗೆ ಮೊದಲೂ ರಕ್ಷಣೆ ಬೇಕಿತ್ತು, ಈಗ ಅದಿಲ್ಲದೆ ಸ್ಟಾರ್ಟ್ ಮಾಡುವ ಹಗ್ಗವನ್ನೇ ಎಳೆಯುವುದಿಲ್ಲ. ಕೆಲವು ಟ್ಯಾಂಕ್ ಪೆಟ್ರೋಲ್ ಖಾಲಿ ಮಾಡಿದ ಮೇಲೆ ಮತ್ತೆ ಸೈಲೆನ್ಸರ್ ತೆಗೆದು, ಸಿಲಿಂಡರಿನ ಬಾಯಿಯಿಂದ ಪಿಸ್ಟನ್ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಉದ್ದುದ್ದ ಗೀರು ಇರಲಿಲ್ಲ. ಪ್ಲಗ್ ತುದಿ ಕಂದು ಬಣ್ಣಕ್ಕಿತ್ತು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಮ್ಮಿ ಅಂತ ಎಚ್ ಸ್ಕ್ರೂವನ್ನು ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸುತ್ತಿದ್ದೆ.