ದನಿ ಹತ್ತಿರ, ಉಳಿದದ್ದೆಲ್ಲ ದೂರ

ನನ್ನ ಮೊದಲ ಇಪಿ, ಅಂದರೆ ಕಿರು ಆಲ್ಬಂ, ಕೇಳಿದವರು ಹೆಚ್ಚಾಗಿ ವಿಚಾರಿಸುವುದು ಒಂದೇ: "ಯಾವ ರಿವರ್ಬ್ ಹಾಕಿದ್ದೀರಿ?" ಮೆಲ್ಲನೆಯ, ವಿಷಾದದ ಐದು ಹಾಡು, ಬರೆದದ್ದು, ನುಡಿಸಿದ್ದು, ಹಾಡಿದ್ದು, ಮಿಕ್ಸ್ ಮಾಡಿದ್ದು ಎಲ್ಲ ನಾನೇ. ರಿವರ್ಬ್ (ಸದ್ದಿಗೆ ಕೋಣೆಯ ಅನುರಣನ ಸೇರಿಸುವ ಸಾಧನ) ಮಾತ್ರ ರೆಕಾರ್ಡಿಂಗ್ ಸಾಫ್ಟ್‌ವೇರಿನ ಜೊತೆಗೇ ಬಂದದ್ದು, ಅದರಲ್ಲಿ ವಿಶೇಷ ಏನೂ ಇಲ್ಲ. ಯಾವ ಸದ್ದು ಎಷ್ಟು ದೂರ ನಿಲ್ಲಬೇಕು ಅಂತ ಮೊದಲೇ ಗೆರೆ ಎಳೆದುಕೊಂಡದ್ದೇ ನನ್ನ ಕೆಲಸಕ್ಕೆ ಬಂತು. ಹಾಡುವ ದನಿ ಕಿವಿಯ ಪಕ್ಕ, ಗಿಟಾರ್ ಕೋಣೆಯ ಆ ತುದಿ, ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸಿಂಥ್ ಪ್ಯಾಡ್ ಗೋಡೆಯಾಚೆ.

ಮೈನರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲಿ ದುಃಖದ ಬಗೆಯದು) ಸುರಿದರೆ ವಿಷಾದ ಬರುತ್ತೆ ಅನ್ನುವುದನ್ನು ನಾನು ಒಪ್ಪಲ್ಲ. ಹಾಡು ಅಳುಮುಂಜಿ ಆಗುತ್ತೆ, ಅಷ್ಟೆ. ಐದರಲ್ಲಿ ಮೂರು, ಸಂತೋಷದ್ದೆನ್ನುವ ಮೇಜರ್ ಸ್ಕೇಲಿನವೇ. ಮೂರನೇ ಸ್ವರ ತೆಗೆದು ಎರಡನೆಯದನ್ನು ಕೂರಿಸುವ ಸಸ್-ಟು ಕಾರ್ಡ್‌ಗಳನ್ನು ಧಾರಾಳವಾಗಿ ಬಳಸಿದೆ; ಅಲ್ಲಿ ಸಂತೋಷವೋ ಸಂಕಟವೋ ಇನ್ನೂ ತೀರ್ಮಾನ ಆಗಿರಲ್ಲ. ಸಿ ಮೇಜರಿನ ಹಾಡೊಂದರಲ್ಲಿ, ಎಫ್ ಮೇಜರ್ ಬರಬೇಕಾದ ಕಡೆ ಎಫ್ ಮೈನರ್ ಇಟ್ಟೆ. ಎ ಸ್ವರ ಇದ್ದದ್ದು ಅರ್ಧ ಮೆಟ್ಟಿಲು ಕೆಳಗಿನ ಎ ಫ್ಲಾಟ್‌ಗೆ ಇಳಿಯುತ್ತೆ, ಬೇರೇನೂ ಬದಲಾಗಲ್ಲ, ಆದರೂ ಎದೆ ಜಗ್ಗುತ್ತೆ. ಪ್ರತಿ ಸಾಲಿಗೂ ಹಾಕಿದರೆ ಕಿವಿ ಒಗ್ಗಿಹೋಗುತ್ತೆ ಅಂತ ಕೊನೆಯ ಚರಣದವರೆಗೆ ಕಾಪಿಟ್ಟುಕೊಂಡೆ.

ಲಯ 75 ಬಿಪಿಎಂ, ಅಂದರೆ ನಿಮಿಷಕ್ಕೆ 75 ಬೀಟ್. ಅರವತ್ತು ಸಾವಿರವನ್ನು 75ರಿಂದ ಭಾಗಿಸಿದರೆ ಒಂದು ಬೀಟಿಗೆ 800 ಮಿಲಿಸೆಕೆಂಡ್. ಗಿಟಾರಿನ ಡಿಲೇಯನ್ನು (ಪ್ರತಿಧ್ವನಿ ಬರುವ ಅಂತರವನ್ನು) ಅದರ ಮುಕ್ಕಾಲಿಗೆ, ಅಂದರೆ 600ಕ್ಕೆ ಇಟ್ಟೆ. ನಾನು ನುಡಿಸಿದ ಸ್ವರಗಳ ಸಂದಿಯಲ್ಲಿ ಪ್ರತಿಧ್ವನಿ ತಾನಾಗಿ ಬಂದು ಕೂರುತ್ತೆ. ಡ್ರಮ್ ತುಂಬಬೇಕಾದ ಜಾಗ ಅರ್ಧ ಅಲ್ಲೇ ತುಂಬಿತು.

ದನಿಯ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಂಡೆ. ಕಂಡೆನ್ಸರ್ ಮೈಕ್ ಕೋಣೆಯ ಗದ್ದಲವನ್ನೆಲ್ಲ ಹಿಡಿಯುತ್ತೆ, ಹಾಗಾಗಿ ಡೈನಮಿಕ್ ಮೈಕನ್ನೇ ತುಟಿಯಿಂದ ನಾಲ್ಕು ಬೆರಳು ದೂರ ಇಟ್ಟು, ಮಾತಾಡುವಷ್ಟೇ ಮೆಲ್ಲಗೆ ಹಾಡಿದೆ. ಅಷ್ಟು ಹತ್ತಿರ ಹಾಡಿದರೆ ತಗ್ಗಿನ ಕಂಪನಗಳು ಉಬ್ಬುತ್ತವೆ. 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದೆ, ಉಳಿದ ಬೆಚ್ಚನೆಯನ್ನು ಇರಲಿ ಅಂತ ಬಿಟ್ಟೆ. ಆಮೇಲೆ ಅದೇ ಸಾಲುಗಳನ್ನು ಪಿಸುದನಿಯಲ್ಲಿ ಮತ್ತೊಮ್ಮೆ ಹಾಡಿ ಅಡಿಯಲ್ಲಿ ಸೇರಿಸಿದೆ. ಒಮ್ಮೆ ಹಾಡಿದ ಒಂದೇ ಟೇಕನ್ನು ನಕಲು ಮಾಡಿ ಮೇಲೊಂದು ಇಟ್ಟರೆ ಸದ್ದು ಜೋರಾಗುತ್ತೆ ಹೊರತು ದಪ್ಪವಾಗಲ್ಲ, ಎರಡರ ನಡುವೆ ಚೂರು ಹೆಚ್ಚುಕಮ್ಮಿ ಇರಬೇಕು. ಬೀಟಲ್ಸ್‌ಗೆ ಹೀಗೆ ಎರಡೆರಡು ಸಲ ಹಾಡುವುದೇ ಬೇಸರವಾಗಿ, 1966ರಲ್ಲಿ ಅಬ್ಬೆ ರೋಡ್ ಸ್ಟುಡಿಯೊದ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಆ ಹೆಚ್ಚುಕಮ್ಮಿಯನ್ನು ಟೇಪ್ ಯಂತ್ರದಿಂದಲೇ ಹುಟ್ಟಿಸಿದರು. ನನಗೆ ಹಾಡುವ ಬೇಸರ ಇರಲಿಲ್ಲ.

ಇನ್ನು ಆ ರಿವರ್ಬ್. ನಾಲ್ಕು ಸೆಕೆಂಡಿನ ಬಾಲ, 60 ಮಿಲಿಸೆಕೆಂಡ್ ಪ್ರಿ-ಡಿಲೇ. ಮೊದಲು ಅಕ್ಷರ ಒಣದಾಗಿ ಕಿವಿಗೆ ಬೀಳುತ್ತೆ, ಆಮೇಲೆ ಕೋಣೆ ತೆರೆಯುತ್ತೆ; ದನಿ ಹತ್ತಿರ ಉಳಿಯುವುದು ಇದರಿಂದಲೇ. ರಿವರ್ಬಿನ ಚಾನೆಲ್ಲಿನಲ್ಲಿ 500 ಹರ್ಟ್ಸ್ ಕೆಳಗೂ ಏಳು ಸಾವಿರದ ಮೇಲೂ ಕತ್ತರಿ. ಸ, ಶ ಅಕ್ಷರಗಳು ಬಾಲದಲ್ಲಿ ಸಿಡಿಯುತ್ತವೆ, ಅದಕ್ಕೆ ರಿವರ್ಬಿಗೆ ಮುಂಚೆ ಅವನ್ನು ತಗ್ಗಿಸುವ ಡಿ-ಎಸ್ಸರ್. ಕೊನೆಗೆ, ದನಿ ಬಂದಾಗ ರಿವರ್ಬ್ ತಗ್ಗಿ, ದನಿ ನಿಂತಾಗ ಏಳುವ ಹಾಗೆ ಸೈಡ್‌ಚೈನ್ ಕಂಪ್ರೆಸರ್. ಇದರ ರಿಲೀಸ್, ಅಂದರೆ ತಗ್ಗಿದ ರಿವರ್ಬ್ ಮತ್ತೆ ಏಳಲು ಹಿಡಿಯುವ ಹೊತ್ತು, ತೀರಾ ಚಿಕ್ಕದಿಟ್ಟಾಗ ಒಂದು ಸ್ವಾರಸ್ಯ ಸಿಕ್ಕಿತು. "ಕತ್ತಲು" ಅಂತ ಹಾಡುವಾಗ ತ್ತ ಹತ್ತಿರ ಉಸಿರು ಕ್ಷಣಮಾತ್ರ ಕಟ್ಟುತ್ತಲ್ಲ, ಆ ಸಂದಿನಲ್ಲೇ ಹಿಂದಿನ ಅಕ್ಷರದ ಬಾಲ ಇಣುಕುತ್ತೆ. ನಮ್ಮ ಪದಗಳು ಹೆಚ್ಚಾಗಿ ಅ, ಇ, ಉ ತರದ ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಯೂ ಸಲೀಸಾಗಿ ಕರಗುತ್ತೆ. ಈ ಬಗೆಯ ಸಂಗೀತಕ್ಕೆ ಕನ್ನಡ ಒಗ್ಗಲ್ಲ ಅನ್ನುವವರು ಒಮ್ಮೆ ಹೀಗೆ ಹಾಡಿ ನೋಡಲಿ.

ಮಾಸ್ಟರಿಂಗ್, ಅಂದರೆ ಮಿಕ್ಸ್ ಆದ ಹಾಡಿಗೆ ಕೊನೆಯ ಹದ ಕೊಡುವುದು, ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಪಾಟಿಫೈ ಹಾಡುಗಳನ್ನು ಮಾಮೂಲಾಗಿ ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತೆ. ಜೋರಾಗಿ ಹಿಂಡಿ ಕೊಟ್ಟರೆ ಅದೇ ತಗ್ಗಿಸುತ್ತೆ. ಮತ್ತೆ ಯಾಕೆ ಹಿಂಡಬೇಕು? ನನ್ನವು ಇನ್ನೂ ಮೆಲ್ಲಗೇ ಇವೆ, ಪೀಕ್ (ಸದ್ದಿನ ತುತ್ತತುದಿ) ಮಾತ್ರ ಮೈನಸ್ ಒಂದು ಡೆಸಿಬೆಲ್ ದಾಟದಂತೆ ನೋಡಿಕೊಂಡೆ.

ಬಿಡುಗಡೆಗೆ, ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಒಂದು ವಿತರಣಾ ಸೇವೆ ಹಿಡಿದೆ. ಪ್ರತಿ ಹಾಡಿಗೆ ಬೇಕಾದ 12 ಅಕ್ಷರ-ಅಂಕಿಗಳ ಗುರುತಿನ ಸಂಕೇತ ಐಎಸ್‌ಆರ್‌ಸಿ ಅವರೇ ಕೊಟ್ಟರು. ಫೈಲುಗಳನ್ನು ಬಿಡುಗಡೆ ದಿನಕ್ಕಿಂತ ಸಾಕಷ್ಟು ಮುಂಚೆ ಏರಿಸಿದ್ದಕ್ಕೆ ಕಾರಣವಿದೆ. ಪ್ಲೇಲಿಸ್ಟಿಗೆ ಹಾಡು ಆಯುವ ಸ್ಪಾಟಿಫೈನ ಸಂಪಾದಕರಿಗೆ ಇನ್ನೂ ಹೊರಬರದ ಒಂದೇ ಹಾಡನ್ನು ಒಂದು ಸಲಕ್ಕೆ ಕಳಿಸಬಹುದು, ಅದನ್ನೂ ಕನಿಷ್ಠ ಏಳು ದಿನ ಮುಂಚೆ ಕಳಿಸಿದರೆ ನನ್ನನ್ನು ಫಾಲೋ ಮಾಡುವವರ ಹೊಸ ಹಾಡುಗಳ ಪಟ್ಟಿ, ರಿಲೀಸ್ ರೇಡಾರಿಗೆ ಅದೇ ಹಾಡು ಹೋಗುತ್ತೆ. ಎಫ್ ಮೈನರ್ ಇರುವ ಹಾಡು ನನಗೆ ಅಚ್ಚುಮೆಚ್ಚು, ಆದರೆ ದನಿ ಶುರುವಾಗುವಷ್ಟರಲ್ಲಿ ಮುಕ್ಕಾಲು ನಿಮಿಷ ಕಳೆದಿರುತ್ತೆ. ಹಾಗಾಗಿ ಮೊದಲ ಸೆಕೆಂಡಿನಲ್ಲೇ ಹಾಡು ಶುರುವಾಗುವ ಎರಡನೇ ಟ್ರ್ಯಾಕನ್ನು ಕಳಿಸಿದೆ. ಸಂಪಾದಕರ ಪ್ಲೇಲಿಸ್ಟಿನಲ್ಲಿ ಜಾಗ ಸಿಗಲಿಲ್ಲ. ಇವತ್ತಿಗೂ ಹೆಚ್ಚು ಜನ ಕೇಳುತ್ತಿರುವುದು ಮಾತ್ರ ಅದನ್ನೇ.