ಹತ್ತಿ ಬಿಡಿಸೋ ಕಾಲದಲ್ಲಿ ಕೂಸಿಗೆ ಉಣಿಸೋರು ಯಾರು?

ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳೀಲಿ ಅಂಗನವಾಡಿ ಟೀಚರ್, 16 ವರ್ಷ ಆಯ್ತು. ಪ್ರತಿ ತಿಂಗಳು ಮಕ್ಕಳ ತೂಕ ನೋಡ್ತೀನಿ, ಚಾರ್ಟ್‌ನಲ್ಲಿ ಚುಕ್ಕಿ ಇಡ್ತೀನಿ, ಈಗ ಮೊಬೈಲಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್‌ಗೂ ಹಾಕ್ತೀನಿ. ಒಂದಿನ ಮೂರು ವರ್ಷದ ಹಳೇ ರಿಜಿಸ್ಟರ್ ಹರವಿಕೊಂಡು ಕೂತಾಗ ನನಗೆ ಗೊತ್ತಾಗಿದ್ದೇನಂದ್ರೆ ನಮ್ಮೂರಲ್ಲಿ ಎರಡು ವರ್ಷದೊಳಗಿನ ಕೂಸುಗಳ ತೂಕ ಹೆಚ್ಚು ಇಳಿಯೋದು ಕೆಲಸ ಇಲ್ಲದ ಬೇಸಿಗೇಲಲ್ಲ, ದೀಪಾವಳಿಯಿಂದ ಸಂಕ್ರಾಂತಿ ತನಕ. ಹತ್ತಿ ಬಿಡಿಸೋ ಕಾಲ ಅದು, ಮನೇಲಿ ಜೋಳ ಇರುತ್ತೆ, ಕೈಯಲ್ಲಿ ಕೂಲಿ ದುಡ್ಡು ಇರುತ್ತೆ, ಆಗಲೇ ಕೂಸು ಸೊರಗುತ್ತೆ.

ಅಲ್ಲಿ ತನಕ ನಾನು ಮಾಡ್ತಿದ್ದಿದ್ದು ತಾಯಂದಿರ ಸಭೆ ಕರೆದು, ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಗಟ್ಟಿ ಊಟ ಶುರು ಮಾಡ್ರಿ, ಸ್ವಲ್ಪ ಸ್ವಲ್ಪ ದಿನಕ್ಕೆ ನಾಲ್ಕೈದು ಸಲ ಉಣಿಸ್ರಿ ಅಂತ ಹೇಳೋದು. ಹೇಳಿದ್ದು ತಪ್ಪಲ್ಲ. ಆದ್ರೆ ಒಬ್ಬಾಕೆ ಎದ್ದು ನಿಂತು ಕೇಳಿದ್ಲು, "ಟೀಚರ್ರೀ, ನಾ ಮುಂಜಾನೆ ಏಳಕ್ಕ ಹೊಲಕ್ಕ ಹೊಂಟ್ರ ದೀಪ ಹಚ್ಚೋ ಹೊತ್ತಿಗಿ ಬರ್ತೀನಿ, ಐದು ಸಲ ಯಾರು ಉಣಸ್ಬೇಕ್ರಿ?" ಹತ್ತಿ ಕೂಲಿ ಕೆಜಿ ಲೆಕ್ಕದಲ್ಲಿ, ನಡುವೆ ಮನೆಗೆ ಬಂದು ಹೋದ್ರೆ ಅಷ್ಟು ದುಡ್ಡು ಹೋಯ್ತು. ನನ್ನ ಹತ್ರ ಉತ್ತರ ಇರ್ಲಿಲ್ಲ, ಆ ರಾತ್ರಿ ನಿದ್ದೆ ಬರ್ಲಿಲ್ಲ ನನಗೆ.

ನಮ್ಮ ವ್ಯವಸ್ಥೆಯಲ್ಲೇ ಒಂದು ಸಂದಿ ಐತೆ. ಮಕ್ಕಳಲ್ಲಿ ಅಂಗನವಾಡೀಲಿ ಕೂತು ಉಣ್ಣೋರು 3ರಿಂದ 6 ವರ್ಷದವರು. ಅದಕ್ಕಿಂತ ಸಣ್ಣವರಿಗೆ ಪುಷ್ಟಿ ಅನ್ನೋ ಪೌಷ್ಟಿಕ ಹಿಟ್ಟಿನ ಪಾಕೀಟು ಮನೆಗೆ ಹೋಗುತ್ತೆ, ಮನೇಲಿ ಐದು ಜನ ಇದ್ರೆ ಐವರೂ ಉಣ್ತಾರೆ, ಬಡವರ ಮನೇಲಿ ಒಬ್ಬರಿಗೇ ಅಂತ ಯಾರು ಎತ್ತಿಡ್ತಾರೆ. ಆದ್ರೆ ಕೂಸು ಕುಂಠಿತ ಆಗೋದೇ ಈ ಮೊದಲ ಎರಡು ವರ್ಷದಲ್ಲಿ, ಆಗ ತಪ್ಪಿದ ಎತ್ತರ ಆಮೇಲೆ ಪೂರ್ತಿ ವಾಪಸ್ ಬರೋದು ಬಹಳ ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ನೋಡಿ, ಎತ್ತರಕ್ಕೆ ತಕ್ಕ ತೂಕ ಇಲ್ಲದ ಮಕ್ಕಳು 2015-16ರಲ್ಲಿ ಶೇ 26.1 ಇದ್ದವರು 2019-21ಕ್ಕೆ ಶೇ 19.5ಕ್ಕೆ ಇಳಿದ್ರು, ಆದ್ರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಶೇ 36.2 ಇದ್ದಿದ್ದು 35.4, ಅಷ್ಟೇ.

ಹತ್ತಿ ಕಾಲದಲ್ಲಿ ಒಂದು ಭಾನುವಾರ ಬೆಳಗಿಂದ ಸಂಜೆ ತನಕ ಒಂದೇ ಓಣೀಲಿ ಕೂತೆ. ಒಂದು ಮನೇಲಿ 14 ತಿಂಗಳ ಹೆಣ್ಣುಕೂಸು, ನೋಡ್ಕೊಳ್ಳೋದು ಕಣ್ಣು ಮಂಜಾದ ಅಜ್ಜಿ. ಬೆಳಿಗ್ಗೆ ನೀರಿನಂಥ ಗಂಜಿ ನಾಲ್ಕು ಗುಟುಕು, ಆಮೇಲೆ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಅತ್ತಾಗ ಮತ್ತೊಂದು ಬಿಸ್ಕತ್ತು, ಹೊತ್ತು ಮುಳುಗೋ ತನಕ ಅಷ್ಟೇ. ಎದುರು ಮನೆಯವರೂ ಅಷ್ಟೇ ಬಡವರು, ಅಲ್ಲೂ ಅಜ್ಜೀನೇ ಉಣಿಸೋದು, ಆದ್ರೆ ಆ ಮನೆ ಕೂಸಿನ ಚುಕ್ಕಿ ಚಾರ್ಟಲ್ಲಿ ಚೆನ್ನಾಗಿತ್ತು. ಆ ಅಜ್ಜಿ ರೊಟ್ಟಿ ಮುರಿದು ಬ್ಯಾಳಿ ಕಟ್ಟಲ್ಲಿ ನೆನೆಸಿ, ಶೇಂಗಾ ಪುಡಿ, ಒಂದು ಚಮಚ ಎಣ್ಣೆ ಹಾಕಿ ಬೆರಳಲ್ಲಿ ಕಿವುಚಿ, ಕೂಸಿಗೆ ಅಂತಲೇ ಬೇರೆ ಬಟ್ಟಲಲ್ಲಿ ಹಾಕಿ ಮೂರು ಹೊತ್ತು ಉಣಿಸ್ತಿದ್ರು. ಬೇರೆ ಬಟ್ಟಲು ಇದ್ರೆ ಕೂಸು ಎಷ್ಟು ಉಂಡಿತು ಅಂತ ಕಣ್ಣಿಗೆ ಕಾಣುತ್ತೆ. (1990ರ ಸುಮಾರಿಗೆ ವಿಯೆಟ್ನಾಂನಲ್ಲೂ ಹೀಗೇ ಮಾಡಿದ್ರಂತೆ, ಬಡವರಲ್ಲೇ ಯಾರ ಮಕ್ಕಳು ಚೆನ್ನಾಗಿದ್ದಾರೆ ಅಂತ ಹುಡುಕಿ, ಗದ್ದೇಲಿ ಸಿಗೋ ಸಣ್ಣ ಸೀಗಡಿ ಏಡಿ, ಗೆಣಸಿನ ಸೊಪ್ಪು ಅವರು ಉಣಿಸ್ತಿದ್ದಿದ್ದನ್ನ ಉಳಿದ ತಾಯಂದಿರಿಗೆ ಕಲಿಸಿದ್ರು. ನಾನು ಇದನ್ನ ಓದಿದ್ದು ಆಮೇಲೆ.)

ಆವಾಗಿಂದ ತಾಯಂದಿರ ಸಭೆ ಕಡಿಮೆ ಮಾಡಿ ಅಜ್ಜಿಯರನ್ನ ಹಿಡಿದೆ. 11 ಗಂಟೆಗೆ ಒಂದು ಸಲ, 3 ಗಂಟೆಗೆ ಒಂದು ಸಲ ಅಂಗನವಾಡಿ ಕಟ್ಟೆಗೆ ಕೂಸು, ಬಟ್ಟಲು ತಗೊಂಡು ಬರೋದು, ಕೈ ತೊಳೆದು ಎಲ್ಲರೂ ಸೇರಿ ಉಣಿಸೋದು. ಜೋಳ ಎರಡು ಪಾಲು, ಹೆಸರುಬೇಳೆ ಒಂದು, ಶೇಂಗಾ ಒಂದು, ಬೇರೆ ಬೇರೆ ಹುರಿದು ಬೀಸಿದ ಹಿಟ್ಟು. ಬೂಷ್ಟು ಹಿಡಿದ ಶೇಂಗಾ ಒಂದು ಕಾಳೂ ಇರದಂಗೆ ಆರಿಸೋ ಕೆಲಸ ಅಜ್ಜಿಯರದೇ. ಚಮಚ ಓರೆ ಮಾಡಿದ್ರೆ ಸುರಿಬಾರದು, ಅಷ್ಟು ಗಟ್ಟಿ ಇರ್ಬೇಕು. ಮೊದಲ ವಾರ ಇಬ್ಬರು ಬಂದ್ರು, ಮೂರನೇ ವಾರಕ್ಕೆ ಒಂಬತ್ತು ಜನ.

ಆದ್ರೆ ಆ 14 ತಿಂಗಳ ಕೂಸಿಗೆ ಇದು ಸಾಲ್ತಿರ್ಲಿಲ್ಲ. ತೋಳಿನ ಸುತ್ತಳತೆ ನೋಡೋ ಬಣ್ಣದ ಟೇಪ್ ಸುತ್ತಿದ್ರೆ 11.2 ಸೆಂಟಿಮೀಟರ್, 11.5ಕ್ಕಿಂತ ಕೆಳಗೆ ಅಂದ್ರೆ ಕೆಂಪು, ಕೂಸು ತೀರಾ ಸೊರಗೈತೆ ಅಂತ; ಅದರ ಮೇಲೆ ಹಳದಿ, ಚೆನ್ನಾಗಿದ್ರೆ ಹಸಿರು. ಎರಡೂ ಪಾದ ಒತ್ತಿದ್ರೆ ಕುಳಿ ಹಂಗೇ ನಿಲ್ತಿತ್ತು. ಎನ್‌ಆರ್‌ಸಿಗೆ, ಅಂದ್ರೆ ಸೊರಗಿದ ಮಕ್ಕಳನ್ನ ಇಟ್ಕೊಂಡು ಆರೈಕೆ ಮಾಡೋ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರ್ಕೊಂಡು ಹೋಗ್ಬೇಕು, 14 ದಿನ ಅಂದೆ, ಮನೆಯವರು ಒಪ್ಪಲಿಲ್ಲ. ಕೊನೆಗೆ ಅಜ್ಜಿ ಹೆಬ್ಬೆರಳು ಹಿಡಿದು ಕೂಸಿನ ಪಾದದ ಮೇಲೆ ಒತ್ತಿಸಿದೆ, ಕಣ್ಣು ಕಾಣದಿದ್ರೂ ಕೈಗೆ ಗೊತ್ತಾಯ್ತು. "ಇದು ನೀರ ತುಂಬೇತಿ, ಕರ್ಕೊಂಡು ಹೋಗ್ಬೇ" ಅಂತ ಸೊಸೆಗೆ ಅವರೇ ಹೇಳಿದ್ರು.

ಅಲ್ಲಿಗೆ ಹೋದ ನಾಲ್ಕನೇ ದಿನ ತಾಯಿ ಫೋನ್ ಮಾಡಿ ಅತ್ತಳು, 6.4 ಕೆಜಿ ಇದ್ದಿದ್ದು 6 ಕೆಜಿ ಆಗೇತಿ, ಹಾಲೂ ಇಷ್ಟಿಷ್ಟೇ ಕೊಡ್ತಾರ, ನಾ ಬರ್ತೀನಿ ಅಂತ. ಬಾವು ಇಳಿದ್ರೆ ಮೊದಲು ತೂಕ ಇಳಿಯುತ್ತೆ, ಅಷ್ಟು ಸೊರಗಿದ ಕೂಸಿಗೆ ಒಮ್ಮೆಲೇ ಜಾಸ್ತಿ ಕೊಟ್ರೆ ಜೀವಕ್ಕೇ ಅಪಾಯ ಅಂತ ಅರ್ಧ ಗಂಟೆ ಮಾತಾಡಿ ನಿಲ್ಲಿಸಿದೆ. ಇದನ್ನ ಹೋಗೋ ಮೊದಲೇ ನಾನು ಹೇಳ್ಬೇಕಿತ್ತು, ಈಗ ಎಲ್ಲರಿಗೂ ಹೇಳಿಯೇ ಕಳಿಸ್ತೀನಿ. 14ನೇ ದಿನ 6.7 ಆಗಿ ಮನೆಗೆ ಬಂತು. ತಾಯಿಯ ಕೂಲಿ ಬದಲಿಗೆ ಬರಬೇಕಾದ ದುಡ್ಡು ಮಾತ್ರ ಎರಡು ತಿಂಗಳು ಅಲೆದಾಡಿದ ಮೇಲೆ ಬಂತು, ಅದು ನನಗೆ ಇನ್ನೂ ನೋವು, ಯಾಕಂದ್ರೆ ಇದನ್ನ ನೋಡಿದ ಪಕ್ಕದ ಮನೆಯವರು ಮುಂದೆ ತಮ್ಮ ಕೂಸನ್ನ ಕಳಿಸೋಕೆ ಹಿಂದೇಟು ಹಾಕಿದ್ರು.

2023ರಲ್ಲಿ ಸರ್ಕಾರ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಅಂತ ಹಗಲು ಕೂಸುಗಳನ್ನ ನೋಡ್ಕೊಳ್ಳೋ ಕೇಂದ್ರ ಶುರು ಮಾಡಿದಾಗ ತುಂಬಾ ಖುಷಿಯಾಯ್ತು, ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ 3 ವರ್ಷದೊಳಗಿನ ಕೂಸುಗಳಿಗೆ ಅಂತ ಅದನ್ನ ಶುರು ಮಾಡಿದ್ರು. ನನ್ನ ಕೇಳಿದ್ರೆ ಹತ್ತಿ ಕಾಲದಲ್ಲಿ ಅದು ಹೊಲದ ಕೂಲಿಯವರಿಗೂ ಬೇಕು, ಬೆಳಿಗ್ಗೆ ಏಳಕ್ಕೇ ಬಾಗಿಲು ತೆಗೀಬೇಕು.

ಜನವರೀಲಿ ಆ ಕುಟುಂಬ ಬೆಂಗಳೂರಿಗೆ ಗುಳೆ ಹೋಯ್ತು, ಬಿಲ್ಡಿಂಗ್ ಕೆಲಸಕ್ಕೆ. ಹೋಗುವಾಗ ಅಜ್ಜೀನೂ ಜೊತೆಗೆ ಕರ್ಕೊಂಡು ಹೋಗ್ರಿ ಅಂತ ಹಟ ಹಿಡಿದೆ, ತಾಯಿ ಕೈಗೆ ಒಂದು ಟೇಪ್ ಕೊಟ್ಟು ಸುತ್ತೋದು ಕಲಿಸಿದೆ, ಓದೋಕೆ ಬರದಿದ್ರೂ ಬಣ್ಣ ಗೊತ್ತಾಗುತ್ತೆ. ಹದಿನೈದು ದಿನಕ್ಕೊಮ್ಮೆ ಫೋನ್ ಬರ್ತಿತ್ತು, "ಹಳದಿಗೈತ್ರಿ ಟೀಚರ್", "ಇನ್ನಾ ಹಳದೀನೇರಿ". ಯುಗಾದಿಗೆ ಊರಿಗೆ ಬಂದಾಗ ತಕ್ಕಡಿಗೆ ಹಾಕಿದೆ, 7.8. ಅಜ್ಜಿ ಬಟ್ಟಲು ತಗೊಂಡೇ ಬಂದಿದ್ರು ಕಟ್ಟೆಗೆ.