ವೇಗಾಸ್‌ನಿಂದ ಹೊರಟು ವೇಗಾಸ್‌ಗೇ ವಾಪಸ್: ಕಾರಲ್ಲಿ ಮರುಭೂಮಿ ಸುತ್ತುವುದು ಹೇಗೆ?

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ಅಪ್ಪ ಅಮ್ಮ ಇರಲಿ, ಬೆಂಗಳೂರಿಂದ ಸುಮ್ನೆ ಸುತ್ತಲು ಹೋದವರಿರಲಿ, ಎಲ್ಲರ ಪಟ್ಟಿಯಲ್ಲೂ ಗ್ರ್ಯಾಂಡ್ ಕ್ಯಾನ್ಯನ್ ಇದ್ದೇ ಇರುತ್ತದೆ. ಎಷ್ಟೋ ಜನ ಲಾಸ್ ವೇಗಾಸ್‌ನಲ್ಲಿ ಬೆಳಗ್ಗೆ ಬಸ್ಸು ಹತ್ತಿ, ಮಟಮಟ ಮಧ್ಯಾಹ್ನ ಅಲ್ಲಿ ಫೋಟೊ ಹೊಡೆದು, ರಾತ್ರಿ ವಾಪಸ್ ಬರುತ್ತಾರೆ. ಒಂದು ವಾರ ರಜೆ ಇದ್ದರೆ ಹಾಗೆ ಮಾಡಬೇಡಿ. ಕಾರು ಬಾಡಿಗೆಗೆ ತಗೊಂಡು ನೆವಾಡಾ, ಯೂಟಾ, ಅರಿಜೋನಾ ಒಂದು ಸುತ್ತು ಹಾಕಿ.

ಮೊದಲು ತಿಂಗಳು ನೋಡಿ

ಏಪ್ರಿಲ್-ಮೇ ಒಳ್ಳೇದು, ಇಲ್ಲಾಂದ್ರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈನಲ್ಲಿ ಹೋಗುವವರು ಕ್ಯಾಲಿಫೋರ್ನಿಯಾ ಕಡೆಯ ಮರುಭೂಮಿ ಪಾರ್ಕ್ ಡೆತ್ ವ್ಯಾಲಿಯನ್ನು ಪಟ್ಟಿಯಿಂದ ಹೊಡೆದು ಹಾಕುವುದೇ ವಾಸಿ. 1913ರಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗ ಅದು. ಈಗಲೂ ಬೇಸಿಗೆಯಲ್ಲಿ 49 ಮುಟ್ಟುವುದು ಮಾಮೂಲು. ಬೆಳಗ್ಗೆ ಹತ್ತರ ನಂತರ ನಡೆದಾಡಬೇಡಿ ಅಂತ ಪಾರ್ಕ್‌ನವರೇ ಹೇಳುತ್ತಾರೆ. ಇತ್ತ ಯೂಟಾದ ಬ್ರೈಸ್ ಕ್ಯಾನ್ಯನ್ ಪಾರ್ಕ್ ಇರುವುದು ಸಮುದ್ರಮಟ್ಟದಿಂದ 8,000 ಅಡಿಗೂ ಮೇಲೆ, ಏಪ್ರಿಲ್ ರಾತ್ರಿಯಲ್ಲೂ ನೀರು ಹೆಪ್ಪುಗಟ್ಟುವ ಚಳಿ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಕಾಟನ್ ಅಂಗಿಯೂ ಬೇಕು, ಸ್ವೆಟರೂ ಬೇಕು.

ಆಮೇಲೆ ದಾರಿ, ಅದೂ ಗಂಟೆಗಳ ಲೆಕ್ಕದಲ್ಲಿ

ವೇಗಾಸ್‌ನಿಂದ ಯೂಟಾದ ಜಯಾನ್ ಪಾರ್ಕಿಗೆ ಎರಡೂವರೆ ಗಂಟೆ. ಅಲ್ಲಿಂದ ಬ್ರೈಸ್‌ಗೆ ಎರಡು ಗಂಟೆ. ಬ್ರೈಸ್‌ನಿಂದ ಪೇಜ್ ಊರಿಗೆ ಸುಮಾರು ಮೂರು, ಪೇಜ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ಗೆ, ಅಂದರೆ ಕಣಿವೆಯ ದಕ್ಷಿಣ ಅಂಚಿಗೆ, ಎರಡೂವರೆ, ಅಲ್ಲಿಂದ ವೇಗಾಸ್‌ಗೆ ನಾಲ್ಕೂವರೆ. ನಾರ್ತ್ ರಿಮ್ ಎದುರಿಗೇ ಕಾಣುತ್ತದಲ್ಲ, ಅದನ್ನೂ ನೋಡಿಬಿಡೋಣ ಅಂದುಕೊಳ್ಳಬೇಡಿ. ಕಣಿವೆ ಬಳಸಿಕೊಂಡು 200 ಮೈಲಿಗೂ ಜಾಸ್ತಿ ಓಡಿಸಬೇಕು, ಚಳಿಗಾಲದಲ್ಲಂತೂ ಅದು ಮುಚ್ಚಿರುತ್ತದೆ.

ಈ ಗಂಟೆಗಳನ್ನು ದಿನದ ಯಾವ ಹೊತ್ತಿಗೆ ಹಾಕುತ್ತೀರಿ ಅನ್ನುವುದರಲ್ಲೇ ಎಲ್ಲಾ ಇದೆ. ಬೆಳಗ್ಗೆ ಮತ್ತು ಸಂಜೆ ಪಾರ್ಕಿನಲ್ಲಿರಿ, ನಡುಮಧ್ಯಾಹ್ನ ಕಾರಿನ ಏಸಿಯಲ್ಲಿರಿ. ಬಂಡೆಗಳ ಕೆಂಪು ಬಣ್ಣ ಏಳುವುದು ಓರೆ ಬಿಸಿಲಿಗೆ. ಮಧ್ಯಾಹ್ನ ಹನ್ನೆರಡಕ್ಕೆ ನೋಡಿದರೆ ಗ್ರ್ಯಾಂಡ್ ಕ್ಯಾನ್ಯನ್ ಕೂಡ ಸಪ್ಪೆ, ಬೈದರೂ ಪರವಾಗಿಲ್ಲ, ಹೇಳುತ್ತೇನೆ. ಆದ್ದರಿಂದ ರಾತ್ರಿ ವಾಸ ಪಾರ್ಕಿನ ಒಳಗೆ ಅಥವಾ ಬಾಗಿಲಲ್ಲೇ ಇರಲಿ, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ. ವೇಗಾಸ್‌ನಲ್ಲಿ ರೂಮು ಅಗ್ಗ ಅಂತ ಕಂಡರೆ ಬಾಡಿಗೆಯ ಮೇಲೆ ಹೋಟೆಲಿನವರು ಹಾಕುವ ರೆಸಾರ್ಟ್ ಫೀ ಸೇರಿಸಿ ಮತ್ತೆ ಲೆಕ್ಕ ಹಾಕಿ.

ಪಾಸು, ಕಾಗದ ಪತ್ರ

ಪಾರ್ಕುಗಳ ವಾರ್ಷಿಕ ಪಾಸು ಅಲ್ಲಿನ ನಿವಾಸಿಗಳಿಗೆ 80 ಡಾಲರ್. 2026ರಿಂದ ಹೊರದೇಶದವರಿಗೆ 250 ಮಾಡಿದ್ದಾರೆ. ಪಾಸಿಲ್ಲದೆ ಹೋದರೆ ಗ್ರ್ಯಾಂಡ್ ಕ್ಯಾನ್ಯನ್, ಜಯಾನ್, ಬ್ರೈಸ್ ಸೇರಿ 11 ಪಾರ್ಕುಗಳಲ್ಲಿ 16 ವರ್ಷ ತುಂಬಿದ ಹೊರದೇಶದ ಪ್ರತಿಯೊಬ್ಬರಿಗೂ ಮಾಮೂಲು ಶುಲ್ಕದ ಮೇಲೆ ಇನ್ನೂ 100 ಡಾಲರ್ ಬೀಳುತ್ತದೆ. ಮೂರು ಪಾರ್ಕು ನೋಡುವ ದಂಪತಿಗೆ ಪಾಸೇ ಲಾಭ, ಅಲ್ವಾ? ನಮ್ಮ ಡಿಎಲ್ ಜೊತೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಕಾರು ಪಡೆಯುವಾಗ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಗಂಡನ ಹೆಸರಲ್ಲಿ ಬುಕಿಂಗ್, ಹೆಂಡತಿಯ ಕಾರ್ಡು ಅಂದರೆ ಕೌಂಟರಿನಲ್ಲಿ ತಕರಾರು ಶುರು. ನಮ್ಮಿಂದ ಬೇರೆಯವರಿಗಾದ ನಷ್ಟ ಭರಿಸುವ ಲಯಬಿಲಿಟಿ ಇನ್ಶೂರೆನ್ಸ್ ಬಿಡಬೇಡಿ.

ಸ್ಟಿಯರಿಂಗ್ ಹಿಡಿದ ಮೇಲೆ

ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗಾಡಿ ಓಡುವುದು ರಸ್ತೆಯ ಬಲಬದಿಗೆ. ಮೊದಲ ದಿನ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತೀರಿ, ಎಲ್ಲರಿಗೂ ಆಗುತ್ತದೆ. ನಿಜವಾದ ಕಷ್ಟ ಎಡಕ್ಕೆ ತಿರುಗುವಾಗ, ಯಾಕೆಂದರೆ ಕೈ ತಾನಾಗಿಯೇ ನಮ್ಮೂರಿನ ಎಡಬದಿಗೆ ಎಳೆಯುತ್ತದೆ. ಸ್ಟಾಪ್ ಬೋರ್ಡ್ ಕಂಡರೆ ರಸ್ತೆ ಖಾಲಿ ಇದ್ದರೂ ಗಾಡಿ ಪೂರ್ತಿ ನಿಲ್ಲಬೇಕು. ಹಿಂದೆ ಪೊಲೀಸ್ ಲೈಟು ಮಿನುಗಿದರೆ ಬಲಕ್ಕೆ ನಿಲ್ಲಿಸಿ, ಕೈ ಸ್ಟಿಯರಿಂಗ್ ಮೇಲಿಟ್ಟು ಕೂತಿರಿ. ನಮ್ಮಲ್ಲಿಯ ಹಾಗೆ ಕಾಗದ ಹಿಡಿದು ಇಳಿದು ಹೋಗಬೇಡಿ, ಅಲ್ಲಿ ಅದು ಅಪಾಯ.

ಬಂಕಿನಲ್ಲಿ ನಾವೇ ಪೆಟ್ರೋಲ್ ಹಾಕಿಕೊಳ್ಳಬೇಕು. ಹಸಿರು ಹಿಡಿಕೆ ಸಾಮಾನ್ಯವಾಗಿ ಡೀಸೆಲ್‌ನದ್ದು, ಮುಟ್ಟಬೇಡಿ. 87 ಅಂತ ಬರೆದದ್ದು ಸಾಕು. ಪಂಪು ಅಲ್ಲಿನ ಪಿನ್‌ಕೋಡ್ ಕೇಳಿ ನಮ್ಮ ಕಾರ್ಡ್ ನಿರಾಕರಿಸಿದರೆ ಒಳಗೆ ಹೋಗಿ ಹಣ ಕಟ್ಟಿ. ಟ್ಯಾಂಕು ಅರ್ಧಕ್ಕೆ ಇಳಿದರೆ ತುಂಬಿಸಿ. ಫೋನ್ ಸಿಗ್ನಲ್ ಎಷ್ಟೋ ಕಡೆ ಇರುವುದಿಲ್ಲ, ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕಾರಲ್ಲಿರಲಿ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳಿ, ಸಣ್ಣ ಊರುಗಳಲ್ಲಿ ಚೀಸ್ ಸ್ಯಾಂಡ್‌ವಿಚ್ ಬಿಟ್ಟರೆ ಗತಿಯಿಲ್ಲ.

ಒಂದೊಂದು ಜಾಗಕ್ಕೆ ಒಂದೊಂದು ಕಿವಿಮಾತು

ಜಯಾನ್ ಕಣಿವೆ ರಸ್ತೆಗೆ ವರ್ಷದ ಹೆಚ್ಚಿನ ಭಾಗ ನಮ್ಮ ಕಾರು ಬಿಡುವುದಿಲ್ಲ, ಉಚಿತ ಬಸ್ಸಿದೆ. ಅಲ್ಲಿನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆ ಹತ್ತಲು 2022ರಿಂದ ಪರ್ಮಿಟ್ ಬೇಕು. ಬ್ರೈಸ್‌ಗೆ ಹೋಗುವಾಗ ಪೂರ್ವ ಬಾಗಿಲಿನ ದಾರಿ ಹಿಡಿಯಿರಿ. ಬೆಟ್ಟ ಕೊರೆದು 1930ರಲ್ಲಿ ತೆರೆದ, ಒಂದು ಮೈಲಿಗೂ ಉದ್ದದ ಸುರಂಗ ಸಿಗುತ್ತದೆ. ನಡುನಡುವೆ ಬಂಡೆಯಲ್ಲೇ ಕಿಟಕಿ ಕೊರೆದಿದ್ದಾರೆ, ಆದರೆ ಒಳಗೆ ನಿಲ್ಲಿಸುವಂತಿಲ್ಲ.

ಪೇಜ್ ಬಳಿಯ ಆ್ಯಂಟಿಲೋಪ್ ಕ್ಯಾನ್ಯನ್ ಎಂಬ ಕಿರುಗಣಿವೆ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲ. ಅವರ ಗೈಡ್ ಇಲ್ಲದೆ ಪ್ರವೇಶವಿಲ್ಲ. ಇಲ್ಲಿ ಗಡಿಯಾರದ ತಮಾಷೆಯೂ ಇದೆ. ಬೇಸಿಗೆಯಲ್ಲಿ ಯೂಟಾ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅರಿಜೋನಾ ಹೋಗುವುದಿಲ್ಲ, ಅದೇ ಅರಿಜೋನಾದೊಳಗಿನ ನವಾಹೋ ಪ್ರದೇಶ ಹೋಗುತ್ತದೆ. ಫೋನು ಟವರ್ ಹಿಡಿದಂತೆಲ್ಲ ಸಮಯ ಬದಲಿಸುತ್ತದೆ. ಟೂರ್ ಬುಕ್ ಮಾಡುವಾಗ ಯಾವ ಗಡಿಯಾರ ಅಂತ ಕೇಳಿಯೇ ಹೊರಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಲ್ಲೋ ದೂರದಲ್ಲಿ ಮಳೆ ಬಿದ್ದರೂ ಈ ಕಿರುಗಣಿವೆಗಳಿಗೆ ದಿಢೀರ್ ಪ್ರವಾಹ ನುಗ್ಗಬಹುದು, ಟೂರ್ ರದ್ದಾದರೆ ಜಗಳ ಮಾಡಬೇಡಿ.

ಕೊನೆಗೆ ದಿನ ಉಳಿದಿದ್ದು ಬಿಸಿಲು ತಗ್ಗಿದ್ದರೆ ವೇಗಾಸ್‌ನಿಂದ ಎರಡು ಗಂಟೆಯ ಡೆತ್ ವ್ಯಾಲಿಗೆ ಹೋಗಿ. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿನ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಿಗೆ ಬೆಳಕು ಹರಿಯುವ ಹೊತ್ತಿಗೇ ತಲುಪಿ. ಲಾಸ್ ಏಂಜಲೀಸ್‌ನಿಂದ ವಿಮಾನ ಹತ್ತುವವರು ಮಾತ್ರ ಭಾನುವಾರ ಮಧ್ಯಾಹ್ನ ವೇಗಾಸ್ ಬಿಡಬೇಡಿ. ವಾರಾಂತ್ಯ ಮುಗಿಸಿದವರೆಲ್ಲ ಅದೇ ಹೆದ್ದಾರಿಯಲ್ಲಿರುತ್ತಾರೆ, ನಾಲ್ಕು ಗಂಟೆಯ ದಾರಿ ಏಳಾದರೂ ಆಶ್ಚರ್ಯವಿಲ್ಲ. ಸೋಮವಾರ ಬೆಳಗ್ಗೆ ತಿಂಡಿ ತಿಂದು ಹೊರಡಿ.